ರಾಜೇಶ್ವರಿ ಚಟರ್ಜಿ ಮಾಡಿದ ಕೆಲಸವೇನು? ಗಣಿತ ಓದಿದ ಹುಡುಗಿ ಮೈಕ್ರೋವೇವ್ ಇಂಜಿನಿಯರ್ ಆದ ಬಗೆ

ಪ್ರತಿ ವರ್ಷ ಫೆಬ್ರವರಿ 11 ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಹೆಸರು ಓಡಾಡುತ್ತದೆ. ರಾಜೇಶ್ವರಿ ಚಟರ್ಜಿ, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್. ವಿಜ್ಞಾನ ಕ್ಷೇತ್ರದ ಹೆಣ್ಣುಮಕ್ಕಳಿಗಾಗಿ ವಿಶ್ವಸಂಸ್ಥೆ ಗೊತ್ತು ಮಾಡಿದ ದಿನ ಅದು. ಹೆಸರಿನ ಕೆಳಗೆ ಎರಡು ಸಾಲು ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಆಗಿದ್ದರು. ಮೈಕ್ರೋವೇವ್ ಮತ್ತು ಆಂಟೆನಾ ಬಗ್ಗೆ ಸಂಶೋಧನೆ ಮಾಡಿದರು.

ಆ ಎರಡನೇ ಸಾಲಿನ ಅರ್ಥವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆದರೆ ಅದನ್ನು ತಿಳಿದುಕೊಳ್ಳಬೇಕಾದ ಕಾಲ ಇದು. ಕೈಯಲ್ಲಿರುವ 5ಜಿ ಫೋನು, ಮನೆಯ ವೈಫೈ, ತಾರಸಿ ಮೇಲಿನ ಡಿಶ್, ಟೋಲ್ ಗೇಟಿನಲ್ಲಿ ಓದುವ ಫಾಸ್ಟ್ಯಾಗ್, ಯುದ್ಧದ ಸುದ್ದಿಯಲ್ಲಿ ಕೇಳಿಬರುವ ರಾಡಾರ್, ಎಲ್ಲವೂ ನಡೆಯುವುದು ಮೈಕ್ರೋವೇವ್ ಅಲೆಗಳಿಂದಲೇ. ಪಕ್ಕದ ಬೀದಿಯಲ್ಲಿ ಟವರ್ ಎದ್ದರೆ ಆತಂಕವಾಗುವುದೂ ಅದರ ಬಗ್ಗೆಯೇ. ರಾಜೇಶ್ವರಿಯವರ ಬದುಕನ್ನು ಅವರ ವಿಷಯದ ಜೊತೆಗೇ ಹೇಳಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಪೂರ್ತಿ ಅರ್ಥವಾಗುವುದಿಲ್ಲ.

ಅಲೆಯ ಉದ್ದ ಯಾಕೆ ಮುಖ್ಯ?

ರೇಡಿಯೊ, ಮೈಕ್ರೋವೇವ್, ಬೆಳಕು, ಎಕ್ಸ್‌ರೇ, ಇವೆಲ್ಲ ಒಂದೇ ಜಾತಿಯವು. ವಿದ್ಯುತ್ಕಾಂತೀಯ ಅಲೆಗಳು. ಖಾಲಿ ಜಾಗದಲ್ಲಿ ಎಲ್ಲದರ ವೇಗವೂ ಒಂದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೋ ಅದು ಅದರ ಆವರ್ತನ, ಅಂದರೆ ಫ್ರೀಕ್ವೆನ್ಸಿ. ಒಂದು ಏರಿನ ತುದಿಯಿಂದ ಮುಂದಿನ ಏರಿನ ತುದಿಗೆ ಇರುವ ದೂರ ತರಂಗಾಂತರ. ಇಲ್ಲಿ ಸರಳವಾಗಿ ಅಲೆಯ ಉದ್ದ ಅನ್ನೋಣ. ವೇಗ ಬದಲಾಗದ ಕಾರಣ, ಹೆಚ್ಚು ಸಲ ಏರಿಳಿಯುವ ಅಲೆಯ ಉದ್ದ ಕಡಿಮೆ.

ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 6,12,000 ಸಲ ಏರಿಳಿಯುವ ಅಲೆಯಲ್ಲಿ ಕೇಳಿಸುತ್ತದೆ. ಆ ಅಲೆ ಸುಮಾರು 490 ಮೀಟರ್ ಉದ್ದ. ಎಫ್‌ಎಂ ಅಲೆ ಸುಮಾರು 3 ಮೀಟರ್. 2.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 240 ಕೋಟಿ ಸಲ ಏರಿಳಿಯುವ ವೈಫೈ ಅಲೆ 12.5 ಸೆಂಟಿಮೀಟರ್. 1 ಮೀಟರಿನಿಂದ 1 ಮಿಲಿಮೀಟರ್ ನಡುವಿನ ಉದ್ದದ ಅಲೆಗಳನ್ನು ಮೈಕ್ರೋವೇವ್ ಅಂತ ಕರೆಯುವುದು ರೂಢಿ.

ಅಲೆಯನ್ನು ಗಾಳಿಗೆ ಬಿಡುವ, ಗಾಳಿಯಿಂದ ಹಿಡಿಯುವ ಸಾಧನ ಆಂಟೆನಾ. ಅದರ ಅಳತೆಗೂ ಅಲೆಯ ಉದ್ದಕ್ಕೂ ನೇರ ಸಂಬಂಧ ಇದೆ. ಕೊಳಲಿನಲ್ಲಿ ಗಾಳಿ ಆಡುವ ಜಾಗ ಉದ್ದವಿದ್ದರೆ ಸ್ವರ ತಗ್ಗುತ್ತದೆ, ಗಿಡ್ಡವಿದ್ದರೆ ಸ್ವರ ಏರುತ್ತದೆ ಅಲ್ವಾ? ಹಾಗೆಯೇ ಸಾಮಾನ್ಯ ತಂತಿ ಆಂಟೆನಾ ತನ್ನ ಉದ್ದಕ್ಕೆ ಹೊಂದುವ ಅಲೆಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತದೆ. ಹೆಚ್ಚಾಗಿ ಅದು ಅಲೆಯ ಅರ್ಧದಷ್ಟೋ ಕಾಲುಭಾಗದಷ್ಟೋ ಉದ್ದ ಇರುತ್ತದೆ. ಆಕಾಶವಾಣಿಯ ಪ್ರಸಾರಕ್ಕೆ ಎತ್ತರದ ಗೋಪುರ ಬೇಕಾಗುವುದು, ಫೋನಿನ ಆಂಟೆನಾ ಫೋನಿನೊಳಗೇ ಅಡಗುವುದು ಇದರಿಂದಲೇ.

ಇನ್ನೊಂದು ಲಾಭವೂ ಇದೆ. ಅಲೆಯನ್ನು ಒಂದೇ ದಿಕ್ಕಿಗೆ ಕಿರಿದಾದ ಕಿರಣವಾಗಿ ಕಳಿಸಬೇಕಾದರೆ ಆಂಟೆನಾ ಅಲೆಯ ಉದ್ದಕ್ಕಿಂತ ಹಲವು ಪಟ್ಟು ದೊಡ್ಡದಿರಬೇಕು. ಡಿಟಿಎಚ್ ಅಲೆ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಹಾಗಾಗಿ 60 ಸೆಂಟಿಮೀಟರಿನ ಡಿಶ್ ಆಕಾಶದಲ್ಲಿ ಸುಮಾರು 3 ಡಿಗ್ರಿಯಷ್ಟು ಜಾಗವನ್ನು ಮಾತ್ರ ನೋಡುತ್ತದೆ, ಅಲ್ಲಿರುವ ಉಪಗ್ರಹವನ್ನು ಹಿಡಿಯುತ್ತದೆ. ಎಫ್‌ಎಂ ಅಲೆಯಲ್ಲಿ ಇದೇ ಕೆಲಸ ಮಾಡಲು ಹೋದರೆ 60 ಮೀಟರಿಗೂ ದೊಡ್ಡ ಡಿಶ್ ಬೇಕು.

ಎರಡನೇ ಮಹಾಯುದ್ಧದಲ್ಲಿ ಈ ಲೆಕ್ಕ ಪ್ರಾಣದ ಪ್ರಶ್ನೆಯಾಯಿತು. ಯುದ್ಧದ ಆರಂಭದಲ್ಲಿ ಬ್ರಿಟನ್ನಿನ ಕರಾವಳಿ ರಾಡಾರುಗಳು ಸುಮಾರು 12 ಮೀಟರ್ ಉದ್ದದ ಅಲೆ ಬಳಸುತ್ತಿದ್ದವು. ಅವುಗಳ ಗೋಪುರಗಳು 110 ಮೀಟರ್ ಎತ್ತರ. ಅಂಥದ್ದನ್ನು ವಿಮಾನದಲ್ಲಿ ಕೂರಿಸುವುದು ಹೇಗೆ? 1940ರಲ್ಲಿ ಬರ್ಮಿಂಗ್‌ಹ್ಯಾಮ್‌ನ ರಾಂಡಲ್ ಮತ್ತು ಬೂಟ್ ಎಂಬ ಇಬ್ಬರು ಭೌತವಿಜ್ಞಾನಿಗಳು ಕ್ಯಾವಿಟಿ ಮ್ಯಾಗ್ನೆಟ್ರಾನ್ ಅನ್ನುವ ಸಾಧನ ಕಟ್ಟಿದರು. ಸುಮಾರು 10 ಸೆಂಟಿಮೀಟರ್ ಉದ್ದದ ಅಲೆಯನ್ನು ಅದು ಭಾರಿ ಶಕ್ತಿಯಲ್ಲಿ ಹೊರಡಿಸುತ್ತಿತ್ತು. ರಾಡಾರ್ ವಿಮಾನದ ಮೂಗಿನೊಳಗೆ ಹೋಯಿತು. ಇಂದಿನ ಮೈಕ್ರೋವೇವ್ ಒಲೆಯಲ್ಲಿರುವುದೂ ಮ್ಯಾಗ್ನೆಟ್ರಾನೇ.

ಇದಕ್ಕೂ ಎಷ್ಟೋ ಮೊದಲು, 1890ರ ದಶಕದಲ್ಲಿ, ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಮಿಲಿಮೀಟರ್ ಉದ್ದದ ಅಲೆಗಳ ಮೇಲೆ ಪ್ರಯೋಗ ಮಾಡಿದ್ದರು. ಆದರೆ ಆಮೇಲೆ ಅರ್ಧ ಶತಮಾನ ನಮ್ಮಲ್ಲಿ ಅದನ್ನು ಮುಂದುವರಿಸುವ ಪರಂಪರೆ ಬೆಳೆಯಲಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ದೇಶಕ್ಕೆ ಈ ವಿದ್ಯೆ ಬಲ್ಲವರು ತುರ್ತಾಗಿ ಬೇಕಾಗಿದ್ದರು.

ಅಜ್ಜಿ ಕಟ್ಟಿದ ಶಾಲೆ

ರಾಜೇಶ್ವರಿ ಹುಟ್ಟಿದ್ದು 1922ರ ಜನವರಿ 24ರಂದು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರನ್ನು, ಗಂಡ ಬಿಟ್ಟ ಹೆಣ್ಣುಮಕ್ಕಳನ್ನು ಓದಿಸಬೇಕು ಅಂತ ಓಡಾಡಿದವರು. ಆಗ ಅದು ಸುಮ್ನೆ ಆಗುವ ಕೆಲಸವಾಗಿರಲಿಲ್ಲ. ಮಹಿಳಾ ಸೇವಾ ಸಮಾಜದ ಆಶ್ರಯದಲ್ಲಿ ಅವರು ಕಟ್ಟಿದ ಶಾಲೆಯಲ್ಲೇ ಮೊಮ್ಮಗಳ ಓದು ಶುರುವಾಯಿತು.

ಹೀಗಾಗಿ ರಾಜೇಶ್ವರಿಗೆ ಓದಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಎದುರಾಗಲಿಲ್ಲ. ಯಾವುದನ್ನು ಓದಬೇಕು ಅನ್ನುವುದಷ್ಟೇ ಉಳಿದಿತ್ತು. ಶಾಲೆ ಮುಗಿದಾಗ ಇತಿಹಾಸ ತೆಗೆದುಕೊಳ್ಳುವ ಆಸೆಯಿತ್ತಂತೆ. ಕೊನೆಗೆ ಭೌತಶಾಸ್ತ್ರ, ಗಣಿತಕ್ಕೆ ಮನಸ್ಸು ಮಾಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿಎಸ್ಸಿ ಆನರ್ಸ್, ಎಂಎಸ್ಸಿ ಮಾಡಿದರು. ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲ ಸ್ಥಾನ.

1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬೆಂಗಳೂರಿಗರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಸಿ.ವಿ. ರಾಮನ್ ಅವರ ಬಳಿ ಕೆಲಸ ಮಾಡುವ ಇಚ್ಛೆಯಿತ್ತು. ಭೌತಶಾಸ್ತ್ರದ ಪದವಿ ಇಲ್ಲ ಅನ್ನುವ ಕಾರಣಕ್ಕೆ ಅವಕಾಶ ಸಿಗಲಿಲ್ಲ. ಆಗ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗದಲ್ಲಿ, ಸಂಪರ್ಕ ತಂತ್ರಜ್ಞಾನದ ಕಡೆ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದರು.

ಗಣಿತದ ಎಂಎಸ್ಸಿ ಇಂಜಿನಿಯರಿಂಗ್‌ಗೆ ಹೇಗೆ ಒಗ್ಗಿತು?

ಇದು ವಿಚಿತ್ರ ಜಿಗಿತ ಅಂತ ಕಾಣಬಹುದು. ಆದರೆ ಮೈಕ್ರೋವೇವ್ ವಿಷಯದಲ್ಲಿ ಗಣಿತವೇ ಸರಿಯಾದ ಬಾಗಿಲು. ನನ್ನ ಪ್ರಕಾರ ರಾಜೇಶ್ವರಿಯವರ ಬದುಕಿನ ಕೀಲಿ ಇರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದರ ಅಲೆಯ ಉದ್ದ ಲೆಕ್ಕ ಹಾಕಿದರೆ 6,000 ಕಿಲೋಮೀಟರ್ ಬರುತ್ತದೆ. ಅಷ್ಟು ಉದ್ದದ ಅಲೆಗೆ ನಮ್ಮ ಮನೆಯ ಹತ್ತು ಮೀಟರ್ ವೈರು ಲೆಕ್ಕಕ್ಕೇ ಇಲ್ಲ. ವೈರಿನ ಈ ತುದಿಯಲ್ಲಿ ಇರುವ ವೋಲ್ಟೇಜೇ ಆ ತುದಿಯಲ್ಲೂ ಅದೇ ಕ್ಷಣಕ್ಕೆ ಇದೆ ಅಂದುಕೊಂಡರೆ ತಪ್ಪಾಗುವುದಿಲ್ಲ. ಹೈಸ್ಕೂಲಿನಲ್ಲಿ ಕಲಿಯುವ ಓಮ್ ನಿಯಮದ ಲೆಕ್ಕ ಇಲ್ಲಿ ಸಾಕು.

ಈಗ 10 ಗಿಗಾಹರ್ಟ್ಸ್ ತೆಗೆದುಕೊಳ್ಳಿ. ಅಲೆಯ ಉದ್ದ 3 ಸೆಂಟಿಮೀಟರ್. ಒಂದೂವರೆ ಸೆಂಟಿಮೀಟರ್ ವೈರಿನ ಒಂದು ತುದಿಯಲ್ಲಿ ವೋಲ್ಟೇಜ್ ಮೇಲೇರಿದ್ದರೆ, ಅದೇ ಕ್ಷಣ ಇನ್ನೊಂದು ತುದಿಯಲ್ಲಿ ಕೆಳಗಿಳಿದಿರುತ್ತದೆ. ವೈರು ಬರೀ ವೈರಾಗಿ ಉಳಿಯುವುದಿಲ್ಲ. ಅದೇ ಆಂಟೆನಾದಂತೆ ಅಲೆ ಸೂಸಲು ಶುರು ಮಾಡುತ್ತದೆ. ಒಂದು ಸಣ್ಣ ಬಾಗು, ಒಂದು ಬೆಸುಗೆಯ ಉಬ್ಬು ಕೂಡ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಓಮ್ ನಿಯಮ ಒಂದರಿಂದಲೇ ಇದನ್ನು ವಿವರಿಸಲು ಆಗುವುದಿಲ್ಲ.

ಇಲ್ಲಿ ಬೇಕಾಗುವುದು ಮ್ಯಾಕ್ಸ್‌ವೆಲ್ ಸಮೀಕರಣಗಳು. ವಿದ್ಯುತ್ ಕ್ಷೇತ್ರ ಬದಲಾದರೆ ಕಾಂತಕ್ಷೇತ್ರ ಹುಟ್ಟುತ್ತದೆ, ಕಾಂತಕ್ಷೇತ್ರ ಬದಲಾದರೆ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಹೀಗೆ ಒಂದನ್ನೊಂದು ಹುಟ್ಟಿಸುತ್ತ ಅಲೆ ಸಾಗುತ್ತದೆ ಅನ್ನುವುದನ್ನು ಅವು ಹೇಳುತ್ತವೆ. ಸಮೀಕರಣ ಬರೆಯುವುದು ಕಷ್ಟವಲ್ಲ. ಲೋಹದ ಗೋಡೆ ಇಲ್ಲಿದೆ, ಪ್ಲಾಸ್ಟಿಕ್ಕಿನ ಮೈ ಅಲ್ಲಿದೆ, ಆಚೆ ಗಾಳಿ ಇದೆ, ಈ ಗಡಿಗಳಲ್ಲಿ ಅಲೆ ಹೇಗೆ ವರ್ತಿಸುತ್ತದೆ ಅಂತ ಬಿಡಿಸುವುದು ಕಷ್ಟ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದಕ್ಕೆ ಗಟ್ಟಿ ಗಣಿತವೇ ಬೇಕಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ಮೈಕ್ರೋವೇವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಒಳಗೆ ಖಾಲಿ ಇರುವ, ಆಯತಾಕಾರದ ಲೋಹದ ಕೊಳವೆ ಬಳಸುತ್ತಾರೆ. ಅದಕ್ಕೆ ವೇವ್‌ಗೈಡ್ ಅನ್ನುತ್ತಾರೆ. ಗಣಿತ ಬಿಡಿಸಿದರೆ ಒಂದು ಖಚಿತ ನಿಯಮ ಸಿಗುತ್ತದೆ. ಕೊಳವೆಯ ಅಗಲ ಅಲೆಯ ಅರ್ಧ ಉದ್ದಕ್ಕಿಂತ ಕಡಿಮೆ ಇದ್ದರೆ ಅಲೆ ಒಳಗೆ ಸಾಗುವುದೇ ಇಲ್ಲ. ಮೈಕ್ರೋವೇವ್ ಒಲೆಯ ಬಾಗಿಲಿನ ಜಾಲರಿಯಲ್ಲೂ ನಡೆಯುವುದು ಇದೇ. ತೂತುಗಳು ಒಂದೆರಡು ಮಿಲಿಮೀಟರ್, ಅಲೆ 12 ಸೆಂಟಿಮೀಟರ್. ಅಲೆ ಆಚೆ ಬರುವುದಿಲ್ಲ. ಆದರೆ ಬೆಳಕಿನ ಅಲೆ ತುಂಬಾ ಚಿಕ್ಕದು, ಆರಾಮಾಗಿ ದಾಟುತ್ತದೆ. ಹಾಗಾಗಿ ಒಳಗೆ ಬಿಸಿಯಾಗುತ್ತಿರುವ ಅನ್ನ ನಮಗೆ ಕಾಣುತ್ತದೆ.

ಸ್ವಾತಂತ್ರ್ಯಕ್ಕೆ ಒಂದು ತಿಂಗಳು ಮುಂಚೆ

ಯುದ್ಧ ಮುಗಿದ ಮೇಲೆ ದೆಹಲಿಯಲ್ಲಿ ಬಂದ ಮಧ್ಯಂತರ ಸರ್ಕಾರ ಬುದ್ಧಿವಂತ ಯುವಜನರನ್ನು ವಿದೇಶಕ್ಕೆ ಕಳಿಸಿ ಓದಿಸುವ ಯೋಜನೆ ಮಾಡಿತು. 1946ರಲ್ಲಿ ರಾಜೇಶ್ವರಿ ಅದಕ್ಕೆ ಆಯ್ಕೆಯಾದರು. 1947ರಲ್ಲಿ, ದೇಶ ಸ್ವತಂತ್ರವಾಗಲು ಇನ್ನೊಂದು ತಿಂಗಳು ಇರುವಾಗ, ಅಮೆರಿಕಕ್ಕೆ ಹೊರಟರು. 25 ವಯಸ್ಸು. ಆಗ ಎಷ್ಟೋ ಮನೆಗಳಲ್ಲಿ ಮದುವೆಯಾಗದ ಹೆಣ್ಣುಮಗಳು ಒಬ್ಬಳೇ ಪಕ್ಕದ ಊರಿಗೆ ಹೋಗುವುದೂ ಮಾತಿಗೆ ಕಾರಣವಾಗುತ್ತಿತ್ತು.

ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಮೇಲೆ ಎಂಟು ತಿಂಗಳು ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ತರಬೇತಿ. ಅಮೆರಿಕದಲ್ಲಿ ಅಳತೆಗಳ ಪ್ರಮಾಣ ನಿಗದಿ ಮಾಡುವ ಸಂಸ್ಥೆ ಅದು. ಅಲ್ಲಿ ರೇಡಿಯೊ ಆವರ್ತನಗಳ ಅಳತೆಯ ವಿಭಾಗದಲ್ಲಿ ಕೆಲಸ ಕಲಿತರು. ಗಣಿತ ಓದಿದವರಿಗೆ ಈ ಎಂಟು ತಿಂಗಳು ಎಷ್ಟು ಮುಖ್ಯವಾಗಿದ್ದಿರಬೇಕು ಅಂತ ಊಹಿಸಬಹುದು. ಹಾಳೆಯ ಮೇಲೆ ಬಿಡಿಸಿದ ಲೆಕ್ಕವನ್ನು ಉಪಕರಣದಲ್ಲಿ ಅಳೆದು ಖಚಿತ ಮಾಡಿಕೊಳ್ಳುವ ಶಿಸ್ತು ಬರುವುದು ಅಂಥ ಜಾಗದಲ್ಲೇ.

1949ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನ ಪಡೆದು ಮತ್ತೆ ಮಿಷಿಗನ್‌ಗೆ ಹೋದರು. ಏಷ್ಯಾದ ಹೆಣ್ಣುಮಕ್ಕಳಿಗೆ ಅಂತಲೇ ಇದ್ದ ವೇತನ ಇದು. ಕಬ್ಬಿನ ತಳಿಗಳ ಸಂಶೋಧನೆಗೆ ಹೆಸರಾದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಇದೇ ವೇತನದಲ್ಲಿ ಅಲ್ಲಿ ಓದಿದವರು. ರಾಜೇಶ್ವರಿಯವರ ಮಾರ್ಗದರ್ಶಕರು ವಿಲಿಯಂ ಗೌಲ್ಡ್ ಡೌ. 1953ರ ಆರಂಭದಲ್ಲಿ ಡಾಕ್ಟರೇಟ್ ಬಂತು. ಅದೇ ವರ್ಷ ಬೆಂಗಳೂರಿಗೆ ಮರಳಿದರು.

ಗಂಡ, ಹೆಂಡತಿ ಮತ್ತು ಒಂದು ಪ್ರಯೋಗಾಲಯ

ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಇಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕರಾಗಿ ಸೇರಿದರು. ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಅದೇ ವರ್ಷ ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. ಭಾರತದಲ್ಲಿ ಈ ಬಗೆಯ ಸಂಶೋಧನೆಗೆ ಅಡಿಪಾಯ ಹಾಕಿದ ಪ್ರಯೋಗಾಲಯ ಅದು.

ಆ ಕಾಲದ ಮೈಕ್ರೋವೇವ್ ಪ್ರಯೋಗಾಲಯದ ಮೇಜು ಹೇಗಿರುತ್ತಿತ್ತು? ಒಂದು ತುದಿಯಲ್ಲಿ ಕ್ಲೈಸ್ಟ್ರಾನ್ ಅನ್ನುವ ವ್ಯಾಕ್ಯೂಮ್ ಟ್ಯೂಬ್. ಅಲೆ ಹುಟ್ಟುವುದು ಅಲ್ಲಿ. ಅದಕ್ಕೆ ಜೋಡಿಸಿದ ವೇವ್‌ಗೈಡ್ ತುಂಡುಗಳು. 3 ಸೆಂಟಿಮೀಟರ್ ಅಲೆಗೆ ಬಳಸುವ ಕೊಳವೆಯ ಒಳಅಳತೆ ಸುಮಾರು 23 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಎತ್ತರ. ನಡುವೆ ಒಂದು ಕಡೆ ಕೊಳವೆಯ ಮೇಲ್ಮೈಯಲ್ಲಿ ಉದ್ದಕ್ಕೆ ಸೀಳು. ಆ ಸೀಳಿನಲ್ಲಿ ಸೂಜಿಯಂಥ ತಂತಿ ಇಳಿಬಿಟ್ಟು ಮೆಲ್ಲಗೆ ಸರಿಸುತ್ತಾ ಹೋದರೆ ಎಲ್ಲಿ ಅಲೆ ಜೋರಾಗಿದೆ, ಎಲ್ಲಿ ಸೊರಗಿದೆ ಅಂತ ಮೀಟರಿನಲ್ಲಿ ತಿಳಿಯುತ್ತದೆ. ಅದರಿಂದ ಆ ತುದಿಯಲ್ಲಿರುವ ಆಂಟೆನಾ ಎಷ್ಟು ಅಲೆಯನ್ನು ಗಾಳಿಗೆ ಬಿಟ್ಟಿತು, ಎಷ್ಟನ್ನು ವಾಪಸ್ ಕಳಿಸಿತು ಅಂತ ಲೆಕ್ಕ ಹಾಕಬಹುದು. ಮಿಲಿಮೀಟರಿನ ಸಣ್ಣ ಪಾಲಿನಷ್ಟು ತಪ್ಪಿದರೂ ಫಲಿತಾಂಶ ಬದಲಾಗುತ್ತದೆ.

ಚಟರ್ಜಿ ದಂಪತಿಯ ಗಮನ ಹೆಚ್ಚಾಗಿ ಇದ್ದದ್ದು ವಿಮಾನ, ಬಾಹ್ಯಾಕಾಶ ನೌಕೆಗಳಿಗೆ ಬೇಕಾದ ವಿಶೇಷ ಆಂಟೆನಾಗಳ ಮೇಲೆ. ಅಲ್ಲಿನ ಸಮಸ್ಯೆ ಬೇರೆ. ವಿಮಾನದ ಮೈಯಿಂದ ಲೋಹದ ಕಡ್ಡಿಗಳು ಹೊರಗೆ ಚಾಚಿದ್ದರೆ ಗಾಳಿ ತಡೆಯುತ್ತದೆ. ತೂಕವೂ ಜಾಸ್ತಿ ಆಗಬಾರದು. ಹಾಗಾಗಿ ವಿದ್ಯುತ್ ಹರಿಯಲು ಬಿಡದ ವಸ್ತುಗಳನ್ನೇ ಆಂಟೆನಾ ಮಾಡಬಹುದೇ ಅನ್ನುವ ಹುಡುಕಾಟ ನಡೆಯಿತು. ಇಂಥ ವಸ್ತುಗಳಿಗೆ ಡೈಎಲೆಕ್ಟ್ರಿಕ್ ಅನ್ನುತ್ತಾರೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅಂಥದ್ದೊಂದು.

ಕರೆಂಟೇ ಹರಿಯದ ಪ್ಲಾಸ್ಟಿಕ್ ಆಂಟೆನಾ ಆಗುವುದು ಹೇಗೆ? ಪಾಲಿಸ್ಟೈರೀನಿನೊಳಗೆ ಅಲೆಯ ವೇಗ ಗಾಳಿಯಲ್ಲಿರುವುದಕ್ಕಿಂತ ಕಡಿಮೆ, ಸುಮಾರು 1.6 ಪಟ್ಟು ನಿಧಾನ. ಪ್ಲಾಸ್ಟಿಕ್ ಕಡ್ಡಿಯ ಒಂದು ತುದಿಯನ್ನು ವೇವ್‌ಗೈಡಿಗೆ ಸಿಕ್ಕಿಸಿದರೆ ಅಲೆ ಆ ಕಡ್ಡಿಯನ್ನು ಹಿಡಿದುಕೊಂಡು ಸಾಗುತ್ತದೆ, ಸ್ವಲ್ಪ ಒಳಗೆ, ಸ್ವಲ್ಪ ಮೇಲ್ಮೈಯ ಸುತ್ತ. ಕಡ್ಡಿ ಮುಗಿದಾಗ ಗಾಳಿಗೆ ಇಳಿದು, ಕಡ್ಡಿ ತೋರಿಸುವ ದಿಕ್ಕಿಗೇ ಕಿರಣವಾಗಿ ಹೊರಡುತ್ತದೆ. ಕಡ್ಡಿ ಎಷ್ಟು ದಪ್ಪ, ಎಷ್ಟು ಉದ್ದ, ತುದಿ ಎಷ್ಟು ಚೂಪಾಗಿರಬೇಕು, ಇವು ಕಿರಣದ ಆಕಾರವನ್ನು ತೀರ್ಮಾನಿಸುತ್ತವೆ. ರಾಜೇಶ್ವರಿ ಡೈಎಲೆಕ್ಟ್ರಿಕ್ ಆಂಟೆನಾಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಒಟ್ಟು ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, 7 ಪುಸ್ತಕ. 20 ಮಂದಿ ಅವರ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮಾಡಿದರು.

ಈ ಕೊನೆಯ ಸಂಖ್ಯೆ ನನಗೆ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ವಿದ್ಯುತ್ಕಾಂತೀಯ ಸಿದ್ಧಾಂತ, ಟ್ಯೂಬ್ ಸರ್ಕ್ಯೂಟ್, ರೇಡಿಯೊ ಇಂಜಿನಿಯರಿಂಗ್, ಮೈಕ್ರೋವೇವ್, ಇಷ್ಟನ್ನೂ ಅವರು ದಶಕಗಳ ಕಾಲ ಪಾಠ ಹೇಳಿದರು. ವಿಭಾಗದ ಮುಖ್ಯಸ್ಥೆಯೂ ಆದರು. ರಾಡಾರ್, ಉಪಗ್ರಹ ಸಂಪರ್ಕದ ಕೆಲಸಕ್ಕೆ ನಮ್ಮಲ್ಲೇ ಓದಿದ ಇಂಜಿನಿಯರುಗಳು ಬೇಕಿದ್ದ ಕಾಲ ಅದು. ಅವರನ್ನು ತಯಾರು ಮಾಡಿದ್ದು ಇಂಥ ತರಗತಿಗಳೇ.

ಮನೆ ಮತ್ತು ಕೆಲಸದ ಪ್ರಶ್ನೆಯನ್ನು ಹೆಣ್ಣುಮಕ್ಕಳಿಗೆ ಮಾತ್ರ ಕೇಳುವ ಅಭ್ಯಾಸ ಇನ್ನೂ ಹೋಗಿಲ್ಲ. ಚಟರ್ಜಿ ದಂಪತಿಯ ವಿಷಯದಲ್ಲಿ ಎರಡೂ ಒಂದೇ ಅಂಗಳದಲ್ಲಿದ್ದವು. ಲೇಖನಗಳಲ್ಲಿ ಇಬ್ಬರ ಹೆಸರೂ ಜೊತೆಗಿರುತ್ತಿತ್ತು. ಕೆಲಸದ ಜೊತೆಗಾರನೇ ಮನೆಯ ಜೊತೆಗಾರನೂ ಆಗಿದ್ದರು.

ನಿವೃತ್ತಿಯ ನಂತರ

1982ರಲ್ಲಿ ನಿವೃತ್ತರಾದ ಮೇಲೆ ಅವರು ಮಹಿಳಾ ಅಧ್ಯಯನದ ಕಡೆ ತಿರುಗಿದರು. ಭಾರತೀಯ ಮಹಿಳಾ ಅಧ್ಯಯನ ಸಂಘದ ಜೊತೆ ಕೆಲಸ ಮಾಡಿದರು. ತಮ್ಮ ಬದುಕು, ಕುಟುಂಬ, ಸುತ್ತಲಿನ ಹೆಂಗಸರ ಕಥೆಗಳನ್ನು ಪುಸ್ತಕವಾಗಿ ಬರೆದರು. ಶಾಲೆ ಮುಗಿದಾಗ ಕೈಬಿಟ್ಟಿದ್ದ ಇತಿಹಾಸದ ಆಸೆ ಹೀಗೆ ಬೇರೆ ದಾರಿಯಲ್ಲಿ ಈಡೇರಿತು ಅನ್ನಿಸುತ್ತದೆ. ಹೆಣ್ಣುಮಕ್ಕಳ ಓದಿನ ಬಗ್ಗೆ ಅಜ್ಜಿಗಿದ್ದ ಕಾಳಜಿಯನ್ನೂ ಅವರು ಬಿಟ್ಟುಕೊಡಲಿಲ್ಲ. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು. 88 ವರ್ಷ.

ಮಗಳ ಕೆಲಸ, ಫೋನಿನ ಮೇಲಿನ ಅಂಕಿ

ಮಗಳು ಇಂದಿರಾ ಚಟರ್ಜಿ ಕೂಡ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಆದರು, ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ. ವಿಷಯವೂ ಅದೇ ಅಲೆಗಳು, ಆದರೆ ಪ್ರಶ್ನೆ ಬೇರೆ. ಅಪ್ಪ ಅಮ್ಮ ಅಲೆಯನ್ನು ಚೆನ್ನಾಗಿ ಹೊರಡಿಸುವುದು ಹೇಗೆ ಅಂತ ನೋಡಿದರೆ, ಮಗಳು ಆ ಅಲೆ ಜೀವಿಯ ಮೈಗೆ ತಾಕಿದಾಗ ಏನಾಗುತ್ತದೆ ಅಂತ ನೋಡಿದರು. 1980ರ ಸುಮಾರಿಗೆ, ಮೊಬೈಲ್ ಜನರ ಕೈಗೆ ಬರುವ ಮೊದಲೇ, ಅಮೆರಿಕದ ಯೂಟಾ ರಾಜ್ಯದಲ್ಲಿ ಅವರು ಸೇರಿದ್ದ ಸಂಶೋಧನಾ ತಂಡ ಒಂದು ಲೆಕ್ಕದಲ್ಲಿ ತೊಡಗಿತ್ತು. ಅಲೆ ಸೂಸುವ ಸಾಧನ ದೇಹಕ್ಕೆ ತೀರಾ ಹತ್ತಿರ ಇದ್ದರೆ ಯಾವ ಭಾಗ ಎಷ್ಟು ಶಕ್ತಿ ಹೀರುತ್ತದೆ ಅನ್ನುವುದೇ ಆ ಲೆಕ್ಕ.

ಇವತ್ತು ಪ್ರತಿ ಫೋನಿನ ಜೊತೆ ಬರುವ ಎಸ್‌ಎಆರ್ ಅನ್ನುವ ಅಂಕಿ ಇದೇ ಬಗೆಯ ಲೆಕ್ಕದ್ದು. ಒಂದು ಕಿಲೋ ದೇಹಭಾಗ ಎಷ್ಟು ವಾಟ್ ಶಕ್ತಿ ಹೀರುತ್ತದೆ ಅಂತ ಅದು ಹೇಳುತ್ತದೆ. ಭಾರತದಲ್ಲಿ 2012ರ ಸೆಪ್ಟೆಂಬರಿನಿಂದ ಇದರ ಮಿತಿ ಕಿಲೋಗೆ 1.6 ವಾಟ್, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಮೈಕ್ರೋವೇವ್ ಅಲೆಗೆ ಎಕ್ಸ್‌ರೇ ಹಾಗೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿ ಇಲ್ಲ. ಅದು ಮೈಯಲ್ಲಿ ಮಾಡುವ ಖಚಿತ ಪರಿಣಾಮ ಅಂದರೆ ಬಿಸಿ. ಮಿತಿಯನ್ನು ನಿಗದಿ ಮಾಡಿರುವುದೂ ಆ ಬಿಸಿಯ ಲೆಕ್ಕದಲ್ಲೇ. ಮೈಕ್ರೋವೇವ್ ಒಲೆ ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ 700ರಿಂದ 1,000 ವಾಟ್ ಬಳಸುತ್ತದೆ. ವೈಫೈ ರೂಟರ್ ಗಾಳಿಗೆ ಬಿಡುವುದು ಸುಮಾರು 0.1 ವಾಟ್, ಅದೂ ಎಲ್ಲ ದಿಕ್ಕಿಗೆ ಹರಡಿ.

ನಿಮ್ಮ ಫೋನಿನ ಅಂಕಿ ನೋಡಬೇಕಾದರೆ ಕರೆ ಮಾಡುವ ಜಾಗದಲ್ಲಿ *#07# ಒತ್ತಿ. ಬಹಳಷ್ಟು ಫೋನುಗಳಲ್ಲಿ ತಲೆಗೆ ಒಂದು, ದೇಹಕ್ಕೆ ಒಂದು ಅಂತ ಎರಡು ಅಂಕಿ ಬರುತ್ತವೆ. ಎರಡೂ ಪ್ರಯೋಗಾಲಯದಲ್ಲಿ ಫೋನು ಗರಿಷ್ಠ ಶಕ್ತಿಯಲ್ಲಿ ಕೆಲಸ ಮಾಡುವಾಗ ಅಳೆದವು. ದಿನನಿತ್ಯ ಫೋನು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಶಕ್ತಿಯಲ್ಲೇ ನಡೆಯುತ್ತದೆ. ಟವರ್ ದೂರ ಇದ್ದು ಸಿಗ್ನಲ್ ಒಂದೇ ಕಡ್ಡಿ ತೋರಿಸುವಾಗ ಮಾತ್ರ ಜಾಸ್ತಿ ಶಕ್ತಿ ಹಾಕುತ್ತದೆ. ಅಂಥ ಕಡೆ ತುಂಬ ಹೊತ್ತು ಮಾತಾಡುವುದಿದ್ದರೆ ಫೋನನ್ನು ಕಿವಿಗೆ ಒತ್ತಿಕೊಳ್ಳುವ ಬದಲು ಸ್ಪೀಕರ್ ಅಥವಾ ಇಯರ್‌ಫೋನ್ ಬಳಸಿದರೆ ಸಾಕು. ಆಂಟೆನಾ ತಲೆಯಿಂದ ಕೆಲವೇ ಸೆಂಟಿಮೀಟರ್ ದೂರ ಸರಿದರೂ ಹೀರುವ ಶಕ್ತಿ ಬಹಳ ಇಳಿಯುತ್ತದೆ.